ಸಸಿ ನೆಟ್ಟರೆ ಸಾಕು, ಕಾಡು ಬರುತ್ತದೆಯೇ? ಬಡವಾದ ನೆಲವನ್ನು ಬದುಕಿಸಿದ ಆಲ್ಡೊ ಲಿಯೋಪೋಲ್ಡ್ ಕಥೆ

ಮಳೆಗಾಲ ಶುರುವಾಗುತ್ತಿದ್ದಂತೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಖಾಲಿ ಜಾಗ ಕಂಡಲ್ಲೆಲ್ಲ ಗಿಡ ನೆಡಿ, ಕಾಡು ತಾನಾಗಿಯೇ ಬರುತ್ತದೆ. ಇಷ್ಟು ಲಕ್ಷ ಸಸಿ ನೆಟ್ಟರೆ ಇಷ್ಟು ಎಕರೆ ಕಾಡು ಸಿದ್ಧ. ಬೀಜದುಂಡೆ ಎಸೆದು ಬನ್ನಿ, ಉಳಿದದ್ದನ್ನು ಪ್ರಕೃತಿ ನೋಡಿಕೊಳ್ಳುತ್ತದೆ. ಜೊತೆಗೆ ಹಸಿರು ಬೆಟ್ಟದ ಒಂದು ಫೋಟೊ.

ಇವುಗಳ ಹಿಂದಿರುವ ಮನಸ್ಸು ಒಳ್ಳೆಯದೇ. ಆದರೆ ಹೇಳುತ್ತಿರುವ ವಿಷಯ ನಿಜವೇ? ಹಾಳಾದ ನೆಲ ಮತ್ತೆ ಜೀವ ಪಡೆಯಲು ಸಸಿ ನೆಡುವುದಷ್ಟೇ ಸಾಕೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಇಂದು ಒಬ್ಬ ವ್ಯಕ್ತಿಯ ಬದುಕನ್ನು ನೋಡೋಣ. ಅವರು ಅಮೆರಿಕದ ಅರಣ್ಯಾಧಿಕಾರಿ, ಪ್ರಾಧ್ಯಾಪಕ ಮತ್ತು ಬರಹಗಾರ ಆಲ್ಡೊ ಲಿಯೋಪೋಲ್ಡ್. ತೀರಿಕೊಂಡು ಮುಕ್ಕಾಲು ಶತಮಾನ ಕಳೆದಿದೆ. ಆದರೂ ಹಾಳಾದ ನೆಲವನ್ನು ಮತ್ತೆ ಬದುಕಿಸುವ ವಿಜ್ಞಾನದ ಬಗ್ಗೆ ಯಾರು ಮಾತನಾಡಿದರೂ ಅವರ ಹೆಸರು ಬಂದೇ ಬರುತ್ತದೆ. ತಮ್ಮ ಕೈಯಾರೆ ಹತ್ತಾರು ಸಾವಿರ ಸಸಿ ನೆಟ್ಟವರು ಅವರು. ನೆಟ್ಟ ಸಸಿಗಳು ಕಣ್ಣೆದುರೇ ಒಣಗಿಹೋಗಿದ್ದನ್ನು ಕಂಡವರೂ ಹೌದು.

ಅಜ್ಜನ ತೋಟದ ಹುಡುಗ

ಲಿಯೋಪೋಲ್ಡ್ ಹುಟ್ಟಿದ್ದು 1887ರ ಜನವರಿ 11ರಂದು, ಅಮೆರಿಕದ ಅಯೋವಾ ರಾಜ್ಯದ ಬರ್ಲಿಂಗ್‌ಟನ್ ಎಂಬ ಊರಿನಲ್ಲಿ. ಮಿಸ್ಸಿಸಿಪ್ಪಿ ನದಿಯ ದಂಡೆಯ ಎತ್ತರದ ದಿಬ್ಬದ ಮೇಲೆ ಅವರ ಮನೆ. ಅಮ್ಮನ ತಂದೆ ಚಾರ್ಲ್ಸ್ ಸ್ಟಾರ್ಕರ್ ಜರ್ಮನಿಯಿಂದ ವಲಸೆ ಬಂದವರು. ತೋಟ ಮತ್ತು ಉದ್ಯಾನ ರೂಪಿಸುವುದರಲ್ಲಿ ಪಳಗಿದವರು. ಮನೆಯ ಸುತ್ತ ಹೂವಿನ ಗಿಡ, ಹಣ್ಣಿನ ಮರ, ತರಕಾರಿ ಪಾತಿ ಎಲ್ಲವೂ ಇದ್ದವು. ಮೊಮ್ಮಗನಿಗೆ ಮಣ್ಣಿನ ಮೊದಲ ಪರಿಚಯ ಆದದ್ದು ಅಲ್ಲಿ.

ತಂದೆ ಕಾರ್ಲ್ ಲಿಯೋಪೋಲ್ಡ್ ಮೇಜು ತಯಾರಿಸುವ ಉದ್ಯಮ ನಡೆಸುತ್ತಿದ್ದರು. ಅವರಿಗೆ ಬೇಟೆಯ ಹುಚ್ಚು. ಆದರೆ ನೀರುಹಕ್ಕಿಗಳು ಕಡಿಮೆಯಾಗುತ್ತಿವೆ ಎಂದು ಅನಿಸಿದಾಗ ವಸಂತಕಾಲದಲ್ಲಿ ಅವುಗಳನ್ನು ಹೊಡೆಯುವುದನ್ನು ಬಿಟ್ಟರು. ಆಗ ಅದನ್ನು ತಡೆಯುವ ಕಾನೂನು ಇನ್ನೂ ಬಂದಿರಲಿಲ್ಲ. ಕಾನೂನು ಹೇಳದಿದ್ದರೂ ತನಗೆ ತಾನೇ ಮಿತಿ ಹಾಕಿಕೊಳ್ಳಬಹುದು ಎಂಬ ಪಾಠ ಮಗನಿಗೆ ಮನೆಯಲ್ಲೇ ಸಿಕ್ಕಿತು.

ತೋಳ ಕೊಂದ ಅರಣ್ಯಾಧಿಕಾರಿ

ಲಿಯೋಪೋಲ್ಡ್ ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರ ಓದಿದರು. 1909ರಲ್ಲಿ ಅಮೆರಿಕದ ಅರಣ್ಯ ಸೇವೆಗೆ ಸೇರಿದರು. ಮೊದಲ ಕೆಲಸ ಅರಿಜೋನಾದ ಬೆಟ್ಟಗಳಲ್ಲಿ. ಆಗ ಅವರಿಗೆ ವಯಸ್ಸು 22.

ಆ ಕಾಲದ ಅಧಿಕಾರಿಗಳಲ್ಲಿ ಒಂದು ಗಟ್ಟಿ ನಂಬಿಕೆ ಇತ್ತು. ತೋಳಗಳು ಜಿಂಕೆಗಳನ್ನು ತಿನ್ನುತ್ತವೆ, ಹಾಗಾಗಿ ತೋಳ ಕಡಿಮೆಯಾದರೆ ಜಿಂಕೆ ಹೆಚ್ಚುತ್ತವೆ, ತೋಳವೇ ಇಲ್ಲದಿದ್ದರೆ ಬೇಟೆಗಾರರಿಗೆ ಸ್ವರ್ಗ. ಕೇಳಲು ಸರಳ ಲೆಕ್ಕ. ಲಿಯೋಪೋಲ್ಡ್ ಕೂಡ ಇದನ್ನೇ ನಂಬಿದ್ದರು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಸಂಗಡಿಗರ ಜೊತೆ ಒಂದು ತೋಳದ ಹಿಂಡಿನ ಮೇಲೆ ಗುಂಡು ಹಾರಿಸಿದರು. ಮುಂದೆ ನ್ಯೂ ಮೆಕ್ಸಿಕೋದಲ್ಲಿ ತೋಳ ಮತ್ತು ಬೆಟ್ಟದ ಸಿಂಹಗಳನ್ನು ಪೂರ್ತಿ ನಿರ್ಮೂಲ ಮಾಡಬೇಕೆಂದು ಬಹಿರಂಗವಾಗಿ ಪ್ರಚಾರ ಮಾಡಿದರು.

ಅಂದು ಗುಂಡೇಟು ತಿಂದ ಮುದಿ ತೋಳದ ಕಣ್ಣುಗಳಲ್ಲಿ ಆರುತ್ತಿದ್ದ ಹಸಿರು ಬೆಳಕು ಅವರ ನೆನಪಿನಲ್ಲಿ ಉಳಿದುಹೋಯಿತು. ಆದರೆ ಅದರ ಬಗ್ಗೆ ಅವರು ಬರೆದದ್ದು 1944ರಲ್ಲಿ, ಅಂದರೆ ಸುಮಾರು 35 ವರ್ಷಗಳ ನಂತರ. ಅದೂ ಅವರ ಹಳೆಯ ವಿದ್ಯಾರ್ಥಿ, ಚಿತ್ರಕಾರ ಆಲ್ಬರ್ಟ್ ಹೋಕ್‌ಬಾಮ್ ಒತ್ತಾಯಿಸಿದ ಮೇಲೆ. ಬೇರೆಯವರ ತಪ್ಪುಗಳ ಬಗ್ಗೆ ಇಷ್ಟೊಂದು ಬರೆಯುವ ನೀವು ನಿಮ್ಮ ತಪ್ಪನ್ನೂ ಬರೆಯಬೇಕು ಎಂಬುದು ಶಿಷ್ಯನ ವಾದವಾಗಿತ್ತು. ಗುರು ಒಪ್ಪಿಕೊಂಡರು.

ತೋಳದ ಲೆಕ್ಕ ಎಲ್ಲಿ ತಪ್ಪಿತು? ತೋಳ ಇಲ್ಲದ ಬೆಟ್ಟಗಳಲ್ಲಿ ಜಿಂಕೆಗಳು ಮಿತಿ ಮೀರಿ ಬೆಳೆದವು. ಕೈಗೆಟುಕುವ ಚಿಗುರನ್ನೆಲ್ಲ ತಿಂದವು. ಎಳೆಯ ಮರಗಳೇ ಮೇಲೇಳದೆ ಹೋದವು. ಕೊನೆಗೆ ಮೇವಿಲ್ಲದೆ ಜಿಂಕೆಗಳೂ ಸತ್ತವು. ಒಂದು ಪ್ರಾಣಿಯನ್ನು ತೆಗೆದರೆ ಅದರ ಪೆಟ್ಟು ಗಿಡಕ್ಕೂ ಮಣ್ಣಿಗೂ ಬೀಳುತ್ತದೆ ಎಂಬುದು ಲಿಯೋಪೋಲ್ಡ್ ಅವರಿಗೆ ನಿಧಾನವಾಗಿ ಮನದಟ್ಟಾಯಿತು.

ಈ ನಡುವೆ 1913ರಲ್ಲಿ ಅವರ ಪ್ರಾಣವೇ ಹೋಗುವುದರಲ್ಲಿತ್ತು. ಕಾಡಿನಲ್ಲಿ ಬಿರುಗಾಳಿ ಮಳೆಗೆ ಸಿಕ್ಕಿ, ಒದ್ದೆ ಹಾಸಿಗೆಯಲ್ಲೇ ಮಲಗಿ ಊರು ಸೇರುವಷ್ಟರಲ್ಲಿ ಮೈ ಊದಿಕೊಂಡಿತ್ತು. ಕಿಡ್ನಿ ಊತದ ಕಾಯಿಲೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಕೆಲಸಕ್ಕೆ ಮರಳಲು ಆಗಲಿಲ್ಲ. ಚೇತರಿಸಿಕೊಂಡ ಮೇಲೆ ನ್ಯೂ ಮೆಕ್ಸಿಕೋದ ಹೀಲಾ ಪ್ರದೇಶದ ದೊಡ್ಡ ಕಾಡನ್ನು ರಸ್ತೆ, ಕಟ್ಟಡಗಳಿಲ್ಲದೆ ಹಾಗೆಯೇ ಉಳಿಸಬೇಕೆಂದು ಸರ್ಕಾರದ ಮುಂದೆ ಪ್ರಸ್ತಾವ ಇಟ್ಟರು. 1924ರಲ್ಲಿ ಅದು ಒಪ್ಪಿಗೆಯಾಯಿತು. ಅಮೆರಿಕದಲ್ಲಿ ಹೀಗೆ ಕಾಯ್ದಿರಿಸಿದ ಮೊದಲ ವನ್ಯಪ್ರದೇಶ ಅದು.

ಹಳೆಯ ಹೊಲದಲ್ಲಿ ಹುಲ್ಲುಗಾವಲು

ಅದೇ 1924ರಲ್ಲಿ ಲಿಯೋಪೋಲ್ಡ್ ಹೆಂಡತಿ ಮಕ್ಕಳೊಂದಿಗೆ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರಕ್ಕೆ ಬಂದರು. 1933ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆಯ ಪ್ರಾಧ್ಯಾಪಕರಾದರು. ಆ ವಿಷಯಕ್ಕೆ ಅಮೆರಿಕದಲ್ಲಿ ಅದೇ ಮೊದಲ ಪ್ರಾಧ್ಯಾಪಕ ಹುದ್ದೆ.

ಮರುವರ್ಷ ವಿಶ್ವವಿದ್ಯಾಲಯ ಒಂದು ದೊಡ್ಡ ವೃಕ್ಷೋದ್ಯಾನವನ್ನು ತೆರೆಯಿತು. ಸಾಮಾನ್ಯವಾಗಿ ಇಂಥ ಉದ್ಯಾನ ಎಂದರೆ ದೇಶವಿದೇಶಗಳ ಮರಗಳನ್ನು ತಂದು, ಹೆಸರಿನ ಫಲಕ ಹಾಕಿ ಸಾಲಾಗಿ ನಿಲ್ಲಿಸುವುದು. ಲಿಯೋಪೋಲ್ಡ್ ಮತ್ತು ಅವರ ಜೊತೆಗಾರರು ಬೇರೆಯದೇ ಕೆಲಸ ಕೈಗೆತ್ತಿಕೊಂಡರು. ಬಿಳಿಯರು ನೇಗಿಲು ಹಿಡಿದು ಬರುವ ಮುಂಚೆ ಈ ನೆಲ ಹೇಗಿತ್ತೋ ಹಾಗೆ ಅದನ್ನು ಮತ್ತೆ ಕಟ್ಟುವುದು ಅವರ ಗುರಿ.

ಇಲ್ಲೊಂದು ವಿಷಯ ಗಮನಿಸಿ. ಆ ನೆಲದ ದೊಡ್ಡ ಭಾಗ ಹಿಂದೆ ದಟ್ಟ ಕಾಡಾಗಿರಲಿಲ್ಲ. ಅದು ಪ್ರೇರಿ, ಅಂದರೆ ಆಳೆತ್ತರದ ಹುಲ್ಲು ಮತ್ತು ನೂರಾರು ಬಗೆಯ ಕಾಡುಹೂಗಳ ಬಯಲು. ನಡುನಡುವೆ ದಪ್ಪ ತೊಗಟೆಯ ಓಕ್ ಮರಗಳು. ಹಾಗಾಗಿ ಹೊಲವಾಗಿ, ಮೇವಿನ ಬೀಡಾಗಿ ಸವೆದಿದ್ದ ಸುಮಾರು 60 ಎಕರೆಯಲ್ಲಿ ಅವರು ಮರದ ಬದಲು ಹುಲ್ಲು ಮತ್ತು ಹೂಗಿಡಗಳನ್ನು ನೆಡಲು ಹೊರಟರು. ಆಗ ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ. ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲು ಸರ್ಕಾರ ಕಟ್ಟಿದ್ದ ಪಡೆಯ ಹುಡುಗರು ಇಲ್ಲಿ ದುಡಿದರು. ಸಸ್ಯವಿಜ್ಞಾನಿ ಥಿಯೋಡರ್ ಸ್ಪೆರಿ ಅವರ ಮೇಲ್ವಿಚಾರಣೆಯಲ್ಲಿ, ಅಳಿದುಳಿದ ಪ್ರೇರಿ ತುಂಡುಗಳಿಂದ ಬೀಜ ಆಯ್ದು, ಬೇರುಸಹಿತ ಹೆಂಟೆಗಳನ್ನು ಕಿತ್ತು ತಂದು ಇಲ್ಲಿ ಕೂರಿಸಿದರು. ಈಗ ಕರ್ಟಿಸ್ ಪ್ರೇರಿ ಎಂದು ಕರೆಯುವ ಈ ಜಾಗ, ವಿಜ್ಞಾನಿಗಳು ಉದ್ದೇಶಪೂರ್ವಕವಾಗಿ ಮರುಕಟ್ಟಿದ ಹುಲ್ಲುಗಾವಲುಗಳಲ್ಲೇ ಅತ್ಯಂತ ಹಳೆಯದು.

ಬೆಂಕಿ ಬೇಕಾದ ಹುಲ್ಲು

ಕೆಲವೇ ವರ್ಷಗಳಲ್ಲಿ ತೊಂದರೆ ಎದುರಾಯಿತು. ಯುರೋಪಿನಿಂದ ಬಂದು ಬೇರೂರಿದ್ದ ಬ್ಲೂಗ್ರಾಸ್ ಎಂಬ ಹುಲ್ಲು ಸ್ಥಳೀಯ ಗಿಡಗಳನ್ನು ಮುಚ್ಚಿಹಾಕುತ್ತಿತ್ತು. ಕಿತ್ತಷ್ಟೂ ಮತ್ತೆ ಬರುತ್ತಿತ್ತು. ಹಿಂದೆ ಇದೇ ನೆಲದಲ್ಲಿ ಪ್ರೇರಿ ಸಾವಿರಾರು ವರ್ಷ ಹೇಗೆ ಉಳಿದಿತ್ತು?

ಉತ್ತರ ಬೆಂಕಿಯಲ್ಲಿತ್ತು. ಮೂಲನಿವಾಸಿಗಳು ಹಚ್ಚುತ್ತಿದ್ದ ಮತ್ತು ಸಿಡಿಲಿನಿಂದ ಹೊತ್ತಿಕೊಳ್ಳುತ್ತಿದ್ದ ಬೆಂಕಿ ಆಗಾಗ ಆ ಬಯಲನ್ನು ಹಾದುಹೋಗುತ್ತಿತ್ತು. ಸಸ್ಯವಿಜ್ಞಾನಿ ಜಾನ್ ಕರ್ಟಿಸ್ ಮತ್ತು ಸಂಗಡಿಗರು 1940ರ ದಶಕದಲ್ಲಿ ಪುಟ್ಟ ಪುಟ್ಟ ತಾಕುಗಳಲ್ಲಿ ಬೆಂಕಿ ಹಚ್ಚಿ ಪ್ರಯೋಗ ಮಾಡಿದರು. ಬ್ಲೂಗ್ರಾಸ್ ಚಳಿ ಇರುವಾಗಲೇ ಬೇಗ ಚಿಗುರುತ್ತದೆ. ಪ್ರೇರಿಯ ಗಿಡಗಳು ಆಗ ಇನ್ನೂ ಮಣ್ಣಿನೊಳಗೆ ಮಲಗಿರುತ್ತವೆ. ಅವುಗಳ ಬೇರು ಆಳ, ಕೆಲವದ್ದು ಹತ್ತು ಅಡಿಗೂ ಹೆಚ್ಚು. ವಸಂತದ ಆರಂಭದಲ್ಲಿ ಬೆಂಕಿ ಹಾಯ್ದರೆ ಎದ್ದಿರುವ ಬ್ಲೂಗ್ರಾಸ್ ಸುಡುತ್ತದೆ, ಮಲಗಿರುವ ಪ್ರೇರಿ ಉಳಿಯುತ್ತದೆ. ಬೂದಿ ಬಿದ್ದ ಬಯಲಿಗೆ ಬಿಸಿಲು ಚೆನ್ನಾಗಿ ತಾಗಿ ಚಿಗುರು ಬೇಗ ಬರುತ್ತದೆ. ಇಂದಿಗೂ ಅಲ್ಲಿ ತರಬೇತಿ ಪಡೆದ ತಂಡಗಳು ನಿಯಮಿತವಾಗಿ ಬೆಂಕಿ ಹಾಯಿಸುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಓದಿ ಯಾರೂ ಬೆಂಕಿಪೊಟ್ಟಣ ಹಿಡಿದು ನಮ್ಮ ಗುಡ್ಡಗಳಿಗೆ ಹೋಗಬಾರದು. ಆ ನೆಲ, ಆ ಹುಲ್ಲು, ಆ ಋತುವಿಗೆ ಹೊಂದುವ ಕ್ರಮ ಎಲ್ಲ ಕಡೆಗೂ ಹೊಂದುವುದಿಲ್ಲ. ಜೊತೆಗೆ ಕಾಯ್ದಿಟ್ಟ ಅರಣ್ಯಕ್ಕೆ ಬೆಂಕಿ ಹಚ್ಚುವುದು ನಮ್ಮಲ್ಲಿ ಶಿಕ್ಷಾರ್ಹ ಅಪರಾಧ.

ಕೋಳಿಗೂಡೇ ಮನೆಯಾಯಿತು

1935ರ ಜನವರಿಯಲ್ಲಿ ಲಿಯೋಪೋಲ್ಡ್ ಬಾರಬೂ ಎಂಬ ಊರಿನ ಬಳಿ, ವಿಸ್ಕಾನ್ಸಿನ್ ನದಿಯ ಪಕ್ಕ ಒಂದು ಜಮೀನು ನೋಡಿದರು. ಅದೇ ವರ್ಷ 80 ಎಕರೆ ಕೊಂಡರು. ಅದು ಯಾರಿಗೂ ಬೇಡವಾದ ಹೊಲ. ಮರಳು ಮಣ್ಣು. ಮೆಕ್ಕೆಜೋಳ ಬೆಳೆದು ಬೆಳೆದು ಸಾರವೆಲ್ಲ ಹೋಗಿತ್ತು. ಹಳೆಯ ಮನೆ ಸುಟ್ಟುಹೋಗಿತ್ತು. ನಿಂತಿದ್ದ ಕಟ್ಟಡ ಒಂದೇ, ಹಿಕ್ಕೆ ತುಂಬಿದ ಕೋಳಿಗೂಡು.

ಲಿಯೋಪೋಲ್ಡ್, ಹೆಂಡತಿ ಎಸ್ಟೆಲಾ ಮತ್ತು ಐದು ಮಕ್ಕಳು ಸೇರಿ ಆ ಕೋಳಿಗೂಡನ್ನು ತೊಳೆದು, ಒಲೆ ಕಟ್ಟಿ, ಮಲಗಲು ಹಲಗೆ ಹೊಡೆದು ಉಳಿಯಲು ಅನುವು ಮಾಡಿಕೊಂಡರು. ವಾರದ ಕೊನೆಯಲ್ಲಿ, ರಜೆಯಲ್ಲಿ ಕುಟುಂಬವೆಲ್ಲ ಇಲ್ಲಿಗೆ ಬರುತ್ತಿತ್ತು. ಬಂದವರಿಗೆಲ್ಲ ಕೆಲಸ. ಗುಂಡಿ ತೋಡುವುದು, ಸಸಿ ನೆಡುವುದು, ನೀರು ಹೊರುವುದು, ಬೀಜ ಆರಿಸುವುದು.

ಅದೇ ವರ್ಷ ಶರತ್ಕಾಲದಲ್ಲಿ ಅವರು ಅಧ್ಯಯನಕ್ಕಾಗಿ ಜರ್ಮನಿಗೆ ಹೋದರು. ಅಚ್ಚುಕಟ್ಟಾದ ಕಾಡುಗಳಿಗೆ ಜರ್ಮನಿ ಆಗ ಹೆಸರುವಾಸಿ. ಅಲ್ಲಿ ಅವರು ಕಂಡದ್ದು ಮೈಲಿಗಟ್ಟಲೆ ಸಾಲಾಗಿ ನಿಂತ ಒಂದೇ ಜಾತಿಯ ಸ್ಪ್ರೂಸ್ ಮರಗಳು. ಕೆಳಗೆ ಬೇರೆ ಗಿಡವೇ ಇಲ್ಲ. ಉದುರಿದ ಎಲೆಸೂಜಿಗಳಿಂದ ಮಣ್ಣು ಹುಳಿಯಾಗಿ ಮರಗಳ ಬೆಳವಣಿಗೆಯೇ ಕುಂಠಿತವಾಗುತ್ತಿತ್ತು. ತಿನ್ನಲು ಗಿಡವಿಲ್ಲದ ಕಾರಣ ಜಿಂಕೆಗಳಿಗೆ ಮನುಷ್ಯರೇ ಮೇವು ಹಾಕಬೇಕಿತ್ತು. ದೂರದಿಂದ ನೋಡಿದರೆ ಹಸಿರೋ ಹಸಿರು. ಒಳಹೊಕ್ಕು ನೋಡಿದರೆ ಅದು ಮರದ ಹೊಲ. ಮರಗಳ ಸಂಖ್ಯೆಯಿಂದ ಕಾಡನ್ನು ಅಳೆಯುವುದು ಎಷ್ಟು ತಪ್ಪು ಎಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು.

1936ರ ಬೇಸಿಗೆ

ಮರಳಿ ಬಂದು 1936ರ ಏಪ್ರಿಲ್‌ನಲ್ಲಿ ಕುಟುಂಬವೆಲ್ಲ ಸೇರಿ ದೊಡ್ಡ ಪ್ರಮಾಣದಲ್ಲಿ ಪೈನ್ ಸಸಿ ನೆಟ್ಟಿತು. ಬಿಳಿ ಪೈನ್, ಕೆಂಪು ಪೈನ್. ಎರಡೂ ಆ ಸೀಮೆಯವೇ, ಮರಗಳ್ಳತನ ಮತ್ತು ಕಡಿತಲೆಗೆ ಮುಂಚೆ ಅಲ್ಲಿ ಬೆಳೆಯುತ್ತಿದ್ದವು. ಸಸಿ ಆರೋಗ್ಯವಾಗಿದ್ದವು. ನೆಟ್ಟವರು ಅರಣ್ಯಶಾಸ್ತ್ರ ಓದಿದವರು. ಫಾರ್ವರ್ಡ್ ಸಂದೇಶದ ಪ್ರಕಾರ ನೋಡಿದರೆ ಕೆಲಸ ಇಲ್ಲಿಗೆ ಮುಗಿಯಿತು.

ಆ ಬೇಸಿಗೆ ಅಮೆರಿಕದ ಇತಿಹಾಸದಲ್ಲೇ ಅತಿ ಭೀಕರವಾದವುಗಳಲ್ಲಿ ಒಂದು. ಜಮೀನಿಗೆ ಹತ್ತಿರದಲ್ಲೇ ಇರುವ ವಿಸ್ಕಾನ್ಸಿನ್ ಡೆಲ್ಸ್ ಎಂಬ ಊರಿನಲ್ಲಿ ಜುಲೈ 13ರಂದು ತಾಪಮಾನ 45 ಡಿಗ್ರಿ ಸೆಲ್ಸಿಯಸ್ ದಾಟಿತು. ಆ ರಾಜ್ಯದಲ್ಲಿ ಇಂದಿಗೂ ಅದೇ ದಾಖಲೆ. ಮಳೆ ಇಲ್ಲ. ಮರಳು ಮಣ್ಣಿನಲ್ಲಿ ತೇವ ನಿಲ್ಲುವುದಿಲ್ಲ. ನೆಟ್ಟ ಪೈನ್ ಸಸಿಗಳಲ್ಲಿ ಬಹುತೇಕ ಎಲ್ಲವೂ ಸತ್ತವು.

ನಾವು ಸಾಮಾನ್ಯವಾಗಿ ಓದುವ ಯಶೋಗಾಥೆಗಳಲ್ಲಿ ಈ ಭಾಗ ಇರುವುದಿಲ್ಲ. ಎಷ್ಟು ನೆಟ್ಟರು ಎಂಬ ಅಂಕಿ ಮಾತ್ರ ಇರುತ್ತದೆ. ಲಿಯೋಪೋಲ್ಡ್ ಸತ್ತ ಸಸಿಗಳ ಲೆಕ್ಕವನ್ನೂ ಬರೆದಿಟ್ಟರು. ಯಾವ ಜಾತಿ ಎಲ್ಲಿ ಸತ್ತಿತು, ಯಾವುದು ಬರದಿಂದ, ಯಾವುದು ಮೊಲದಿಂದ, ಯಾವುದು ಜಿಂಕೆಯಿಂದ, ಯಾವುದು ಹುಳುವಿನಿಂದ ಎಂದು ನೋಡಿಕೊಂಡರು. ಮುಂದಿನ ವಸಂತದಲ್ಲಿ ಮತ್ತೆ ನೆಟ್ಟರು. ಅದರ ಮುಂದಿನ ವಸಂತದಲ್ಲೂ ನೆಟ್ಟರು. ಹೀಗೆ 1948ರವರೆಗೆ ಪ್ರತಿ ವಸಂತವೂ ನಡೆಯಿತು. ಪೈನ್ ಅಷ್ಟೇ ಅಲ್ಲ, ಓಕ್, ಬರ್ಚ್, ಹಕ್ಕಿಗಳಿಗೆ ಹಣ್ಣು ಕೊಡುವ ಪೊದೆಗಳು, ಕಾಡುಹೂಗಳು, ಕೋಳಿಗೂಡಿನ ಮುಂದಿನ ಬಯಲಿಗೆ ಪ್ರೇರಿ ಹುಲ್ಲು ಎಲ್ಲವನ್ನೂ ಜಾಗ ನೋಡಿ ಹಾಕಿದರು.

ಸ್ಮಶಾನದ ಮೂಲೆಯಲ್ಲಿ ಉಳಿದ ಹೂ

ಸ್ಥಳೀಯ ಗಿಡಗಳೆಲ್ಲ ಮಾಯವಾದ ಮೇಲೆ ಅವುಗಳ ಬೀಜ ಎಲ್ಲಿ ಸಿಗುತ್ತದೆ? ಯಾರೂ ಗಮನಿಸದ ಕಡೆ. ರೈಲು ಹಳಿಯ ಬದಿ, ಬೇಲಿಯ ಸಾಲು, ಹಳೆಯ ಸ್ಮಶಾನ. ಲಿಯೋಪೋಲ್ಡ್ ಓಡಾಡುವ ದಾರಿಯಲ್ಲಿ ಒಂದು ಹಳ್ಳಿಯ ಸ್ಮಶಾನವಿತ್ತು. ಅದರ ಒಂದು ತ್ರಿಕೋನ ಮೂಲೆಗೆ ನೇಗಿಲಾಗಲಿ ಕುಡುಗೋಲಾಗಲಿ ಎಂದೂ ತಾಗಿರಲಿಲ್ಲ. ಅಲ್ಲಿ ಪ್ರತಿ ಜುಲೈನಲ್ಲಿ ಸಿಲ್ಫಿಯಂ ಎಂಬ ಆಳೆತ್ತರದ ಗಿಡ ಹಳದಿ ಹೂ ಬಿಡುತ್ತಿತ್ತು. ಒಂದು ವರ್ಷ ರಸ್ತೆ ಕೆಲಸದವರು ಬೇಲಿ ತೆಗೆದು ಆ ಮೂಲೆಯನ್ನೂ ಕೊಯ್ದುಹಾಕಿದರು. ದಿನಕ್ಕೆ ನೂರಾರು ಕಾರು ಹೋಗುವ ರಸ್ತೆ ಅದು. ಒಂದು ಗಿಡ ಇಲ್ಲವಾದದ್ದು ಯಾರಿಗೂ ತಿಳಿದಂತಿರಲಿಲ್ಲ.

ಆ ಗಿಡವನ್ನು ತಮ್ಮ ಜಮೀನಿಗೆ ತರಬೇಕೆಂದು ಲಿಯೋಪೋಲ್ಡ್ ಬೇರೆಡೆ ಒಂದನ್ನು ಅಗೆಯಲು ಹೋದರು. ಬೇರು ದಪ್ಪ ಗೆಣಸಿನ ಹಾಗೆ ನೇರ ಕೆಳಕ್ಕಿಳಿದಿತ್ತು. ಎಷ್ಟು ಅಗೆದರೂ ಕೊನೆ ಸಿಗಲಿಲ್ಲ. ಕೊನೆಗೆ ಬೀಜ ತಂದು ಬಿತ್ತಿದರು. ಮೊಳಕೆ ಬೇಗ ಬಂತು. ಆದರೆ ಐದು ವರ್ಷ ಕಾದರೂ ಹೂ ಬರಲಿಲ್ಲ. ಮೊದಲು ಬೇರು, ಆಮೇಲೆ ಹೂ ಎಂಬುದು ಆ ಗಿಡದ ಕ್ರಮ. ಬರಗಾಲದಲ್ಲೂ ಅದು ಬದುಕುಳಿಯುವುದು ಇದೇ ಕಾರಣಕ್ಕೆ. ಕಳೆದುಕೊಳ್ಳಲು ಒಂದು ದಿನ ಸಾಕು, ಮರಳಿ ಪಡೆಯಲು ವರ್ಷಗಳು ಬೇಕು. ಹಾಗಾಗಿ ನೆಲವನ್ನು ಬದುಕಿಸುವ ಕೆಲಸದಲ್ಲಿ ಮೊದಲ ಹೆಜ್ಜೆ ನೆಡುವುದಲ್ಲ, ಈಗಾಗಲೇ ಏನು ಉಳಿದಿದೆ ಎಂದು ಹುಡುಕಿ ಕಾಯುವುದು.

ಬೆಳಗಿನ ಜಾವದ ನೋಟ್‌ಬುಕ್

ಕತ್ತಲಿರುವಾಗಲೇ ಎದ್ದು, ಕಾಫಿ ಪಾತ್ರೆ ಮತ್ತು ನೋಟ್‌ಬುಕ್ ಹಿಡಿದು ಹೊರಗೆ ಕೂರುವುದು ಲಿಯೋಪೋಲ್ಡ್ ಅವರ ರೂಢಿ. ಯಾವ ಹಕ್ಕಿ ಮೊದಲು ಕೂಗಿತು, ಆಗ ಎಷ್ಟು ಬೆಳಕಿತ್ತು ಎಂದು ಬೆಳಕಿನ ಮಾಪಕ ಹಿಡಿದು ಗುರುತು ಹಾಕುತ್ತಿದ್ದರು. ಯಾವ ಹೂ ಯಾವ ದಿನ ಅರಳಿತು, ಯಾವ ವಲಸೆ ಹಕ್ಕಿ ಯಾವತ್ತು ಬಂತು ಎಂಬುದಕ್ಕೂ ದಾಖಲೆ ಇತ್ತು. ಋತುಗಳ ಈ ದಿನಚರಿಯನ್ನು ವಿಜ್ಞಾನದಲ್ಲಿ ಫೀನಾಲಜಿ ಎನ್ನುತ್ತಾರೆ.

ಅದರ ಬೆಲೆ ತಿಳಿದದ್ದು ಬಹಳ ತಡವಾಗಿ. 1976ರಲ್ಲಿ ಮಗಳು ನೀನಾ ಮತ್ತೆ ಅಲ್ಲಿಗೆ ಬಂದು ನೆಲೆಸಿ, ಅಪ್ಪ ಬರೆಯುತ್ತಿದ್ದ ಅದೇ ಬಗೆಯ ದಾಖಲೆಯನ್ನು ಮುಂದುವರಿಸಿದರು. 1999ರಲ್ಲಿ ಅವರು ಸಹಲೇಖಕರೊಂದಿಗೆ ಒಂದು ಪ್ರಬಂಧ ಪ್ರಕಟಿಸಿದರು. ಅಪ್ಪನ ಕಾಲದ ಮತ್ತು ತಮ್ಮ ಕಾಲದ ದಾಖಲೆಗಳನ್ನು ಹೋಲಿಸಿ 55 ವಸಂತಕಾಲದ ಘಟನೆಗಳನ್ನು ನೋಡಿದಾಗ, ಸುಮಾರು ಮೂರನೇ ಒಂದು ಭಾಗ ಮೊದಲಿಗಿಂತ ಬೇಗ ನಡೆಯುತ್ತಿದ್ದವು. ಹವಾಮಾನ ಬದಲಾಗುತ್ತಿದೆ ಎಂಬುದಕ್ಕೆ ಕೋಳಿಗೂಡಿನ ಮುಂದೆ ಕುಳಿತು ಬರೆದ ನೋಟ್‌ಬುಕ್ ಸಾಕ್ಷಿಯಾಯಿತು.

ಜನಪ್ರಿಯವಲ್ಲದ ಮಾತು

ಜಮೀನಿನ ಹೊರಗೆ ಲಿಯೋಪೋಲ್ಡ್ ಅವರಿಗೆ ಕಷ್ಟದ ದಿನಗಳು ಕಾದಿದ್ದವು. 1943ರಲ್ಲಿ ಅವರು ವಿಸ್ಕಾನ್ಸಿನ್ ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯರಾದರು. ಆಗ ರಾಜ್ಯದ ಉತ್ತರದ ಕಾಡುಗಳಲ್ಲಿ ಜಿಂಕೆಗಳು ತೀರಾ ಹೆಚ್ಚಾಗಿ ಎಳೆಯ ಗಿಡಗಳನ್ನು ತಿಂದುಮುಗಿಸುತ್ತಿದ್ದವು. ಚಳಿಗಾಲದಲ್ಲಿ ಜಿಂಕೆಗಳೇ ಹಸಿವಿನಿಂದ ಸಾಯುತ್ತಿದ್ದವು. ಹೆಣ್ಣು ಜಿಂಕೆಗಳ ಬೇಟೆಗೂ ಅವಕಾಶ ಕೊಟ್ಟು ಸಂಖ್ಯೆ ಇಳಿಸಬೇಕು ಎಂಬ ನಿಲುವನ್ನು ಅವರು ಬೆಂಬಲಿಸಿದರು. ಜನ ಕೆರಳಿದರು. ಜಿಂಕೆ ಉಳಿಸಿ ಎಂದು ಅವರ ವಿರುದ್ಧ ಪತ್ರಿಕೆಯೇ ಹೊರಟಿತು.

ಪ್ರಾಣಿಗಳನ್ನು ಪ್ರೀತಿಸುವ ವ್ಯಕ್ತಿಯನ್ನೇ ಜನ ಪ್ರಾಣಿ ವೈರಿ ಎಂದರು. ಆದರೆ ಅವರ ಕಣ್ಣಮುಂದೆ ಅರಿಜೋನಾದ ಬೆಟ್ಟಗಳಿದ್ದವು. ಯೌವನದಲ್ಲಿ ತಾವು ಮಾಡಿದ ತಪ್ಪಿನ ಫಲವನ್ನು ಇನ್ನೊಂದು ಕಾಡು ಉಣ್ಣಬಾರದು ಎಂಬುದು ಅವರ ಕಾಳಜಿ. ತೋಳದ ಬಗ್ಗೆ ಅವರು ತಪ್ಪೊಪ್ಪಿಗೆ ಬರೆದದ್ದು ಈ ಗಲಾಟೆಯ ಮರುವರ್ಷವೇ.

ಕೊನೆಯ ವಸಂತ

ಇಷ್ಟೆಲ್ಲ ವರ್ಷಗಳ ಅನುಭವವನ್ನು ಲಿಯೋಪೋಲ್ಡ್ ಚಿಕ್ಕ ಚಿಕ್ಕ ಪ್ರಬಂಧಗಳಾಗಿ ಬರೆದಿದ್ದರು. ಪುಸ್ತಕ ಮಾಡಲು ಪ್ರಕಾಶಕರು ಸುಲಭಕ್ಕೆ ಒಪ್ಪಲಿಲ್ಲ. 1947ರ ಹೊತ್ತಿಗೆ ಆರೋಗ್ಯವೂ ಕೆಟ್ಟಿತ್ತು. ಮುಖದ ನರದ ತೀವ್ರ ನೋವಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಕೊನೆಗೆ 1948ರ ಏಪ್ರಿಲ್ 14ರಂದು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪುಸ್ತಕವನ್ನು ಒಪ್ಪಿಕೊಂಡ ಸುದ್ದಿ ಬಂತು.

ಒಂದು ವಾರದ ನಂತರ, ಏಪ್ರಿಲ್ 21ರಂದು, ಅವರು ಹೆಂಡತಿ ಮತ್ತು ಕಿರಿಯ ಮಗಳೊಂದಿಗೆ ಜಮೀನಿನಲ್ಲಿದ್ದರು. ಸಸಿ ನೆಡುವ ಕಾಲ. ಪಕ್ಕದ ಜಮೀನಿನಲ್ಲಿ ಹೊಗೆ ಕಾಣಿಸಿತು. ಕಸಕ್ಕೆ ಹಚ್ಚಿದ ಬೆಂಕಿ ಒಣಹುಲ್ಲಿಗೆ ಹಬ್ಬಿ ತಾವು ನೆಟ್ಟ ಪೈನ್ ಮರಗಳತ್ತ ಬರುವ ಅಪಾಯವಿತ್ತು. ನಂದಿಸಲು ಹೋದವರಿಗೆ ಅಲ್ಲೇ ಹೃದಯಾಘಾತವಾಯಿತು. ಆಗ ಅವರಿಗೆ 61 ವರ್ಷ.

ಪುಸ್ತಕದ ಕೊನೆಯ ಕೆಲಸಗಳನ್ನು ಮಗ ಲೂನಾ ಮುಂದೆ ನಿಂತು ಮಾಡಿಸಿದರು. 1949ರಲ್ಲಿ ಅದು ಎ ಸ್ಯಾಂಡ್ ಕೌಂಟಿ ಆಲ್ಮನಾಕ್ ಎಂಬ ಹೆಸರಿನಲ್ಲಿ ಬಂತು. ಮಣ್ಣು, ನೀರು, ಗಿಡ, ಪ್ರಾಣಿ ಎಲ್ಲ ಸೇರಿದ ಒಂದು ಸಮುದಾಯದಲ್ಲಿ ಮನುಷ್ಯ ಒಡೆಯನಲ್ಲ, ಒಬ್ಬ ಸದಸ್ಯ ಮಾತ್ರ ಎಂಬುದು ಅದರ ತಿರುಳು. ಮೊದಲು ನಿಧಾನವಾಗಿ ಮಾರಾಟವಾದ ಆ ಪುಸ್ತಕದ ಪ್ರತಿಗಳ ಸಂಖ್ಯೆ ಈಗ 20 ಲಕ್ಷ ದಾಟಿದೆ. ಬರೆದವರು ಮಾತ್ರ ಅದನ್ನು ಅಚ್ಚಿನಲ್ಲಿ ನೋಡಲಿಲ್ಲ.

ಈಗ ಆ ನೆಲ ಹೇಗಿದೆ?

ಐದು ಮಕ್ಕಳೂ ಪ್ರಕೃತಿಯನ್ನೇ ಅಧ್ಯಯನ ಮಾಡುವವರಾದರು. ಅವರಲ್ಲಿ ಮೂವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. 1982ರಲ್ಲಿ ಮಕ್ಕಳು ಸೇರಿ ಆಲ್ಡೊ ಲಿಯೋಪೋಲ್ಡ್ ಪ್ರತಿಷ್ಠಾನ ಸ್ಥಾಪಿಸಿದರು. ಕೋಳಿಗೂಡು ಈಗ ರಾಷ್ಟ್ರೀಯ ಸ್ಮಾರಕ. ಮರಳು ಹಾರುತ್ತಿದ್ದ ಹೊಲದಲ್ಲಿ ಎತ್ತರದ ಪೈನ್ ಮರಗಳಿವೆ. ಕೋಳಿಗೂಡಿನ ಮುಂದೆ ಪ್ರೇರಿ ಹೂ ಬಿಡುತ್ತದೆ. 1930ರ ದಶಕದಲ್ಲಿ ಇಡೀ ರಾಜ್ಯದಲ್ಲಿ ಕೆಲವೇ ಜೋಡಿ ಉಳಿದಿದ್ದ ಸ್ಯಾಂಡ್‌ಹಿಲ್ ಸಾರಸ ಪಕ್ಷಿಗಳು ಈಗ ಪ್ರತಿ ಶರತ್ಕಾಲದಲ್ಲಿ ಆ ನದಿಯ ಮರಳ ದಿಣ್ಣೆಗಳ ಮೇಲೆ ಸಾವಿರಾರು ಸಂಖ್ಯೆಯಲ್ಲಿ ಇಳಿಯುತ್ತವೆ.

ಇನ್ನೊಂದು ಸಂಗತಿ. ಒತ್ತೊತ್ತಾಗಿ ಬೆಳೆದಿದ್ದ ಆ ಪೈನ್‌ಗಳನ್ನು ಆರೋಗ್ಯಕ್ಕಾಗಿ ಮುಂದೆ ಅಲ್ಲಲ್ಲಿ ಕಡಿದು ತೆಳುವು ಮಾಡಬೇಕಾಯಿತು. ಆ ಮರದ ದಿಮ್ಮಿಗಳಿಂದಲೇ 2007ರಲ್ಲಿ ಪ್ರತಿಷ್ಠಾನದ ಕಟ್ಟಡ ಎದ್ದಿತು. ಅದು ನಿಂತಿರುವುದು ಲಿಯೋಪೋಲ್ಡ್ ಬೆಂಕಿ ನಂದಿಸುತ್ತಾ ಕುಸಿದ ಜಾಗದ ಬಳಿ.

ಹಾಗಾದರೆ ಸತ್ಯ ಏನು?

ಸಸಿ ನೆಡುವುದು ತಪ್ಪಲ್ಲ. ಲಿಯೋಪೋಲ್ಡ್ ಅದನ್ನು 13 ವರ್ಷ ಬಿಡದೆ ಮಾಡಿದರು. ತಪ್ಪು ಇರುವುದು ನೆಟ್ಟ ಕೂಡಲೇ ಕಾಡು ಬಂತು ಎನ್ನುವ ಲೆಕ್ಕದಲ್ಲಿ. ಎರಡನೆಯ ತಪ್ಪು, ಮರವಿಲ್ಲದ ಜಾಗವೆಲ್ಲ ಖಾಲಿ ಜಾಗ ಎಂದುಕೊಳ್ಳುವುದು. ಇದು ಅಮೆರಿಕಕ್ಕೆ ಸೀಮಿತವಾದ ತಪ್ಪಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿ. ಕೃಷ್ಣಮೃಗ ಬಯಲಿನ ಪ್ರಾಣಿ. ದೂರದವರೆಗೆ ಕಣ್ಣು ಹಾಯಬೇಕು, ಓಡಲು ಜಾಗ ಬೇಕು. ಅಂಥ ಸೀಮೆಯಲ್ಲೂ ದೊಡ್ಡ ಪ್ರಮಾಣದಲ್ಲಿ ನೀಲಗಿರಿ ನೆಡಲಾಗಿತ್ತು. ನಕ್ಷೆಯಲ್ಲಿ ಹಸಿರು ಹೆಚ್ಚಿತು, ಹುಲ್ಲು ನಂಬಿದ ಜೀವಗಳ ಜಾಗ ಕಡಿಮೆಯಾಯಿತು.

ಹಾಗಾಗಿ ಮುಂದಿನ ಬಾರಿ ಗಿಡ ನೆಡುವ ಸಂದೇಶ ಬಂದರೆ ಅಥವಾ ನೀವೇ ನೆಡಲು ಹೊರಟರೆ, ಈ ಐದು ಪ್ರಶ್ನೆ ಕೇಳಿಕೊಳ್ಳಿ.

ಈ ಜಾಗ ಮೊದಲು ಏನಾಗಿತ್ತು: ಕಾಡೋ, ಕುರುಚಲೋ, ಹುಲ್ಲುಗಾವಲೋ, ಕೆರೆಯ ಅಂಗಳವೋ? ಊರಿನ ಹಿರಿಯರಿಗೆ, ಕುರಿ ಕಾಯುವವರಿಗೆ ಇದು ಗೊತ್ತಿರುತ್ತದೆ.

ಈಗ ಇಲ್ಲಿ ಉಳಿದಿರುವ ಸ್ಥಳೀಯ ಗಿಡಗಳು ಯಾವುವು? ಗುಂಡಿ ತೋಡುವಾಗ ಅವನ್ನೇ ಕಿತ್ತುಹಾಕುತ್ತಿಲ್ಲ ತಾನೆ?

ನೆಡುತ್ತಿರುವುದು ಈ ಸೀಮೆಯ ಗಿಡವೇ? ಒಂದೇ ಜಾತಿಯೋ, ಹಲವು ಬಗೆಯೋ?

ಮೊದಲ ಎರಡು ಮೂರು ಬೇಸಿಗೆ ನೀರು ಹಾಕುವವರು, ದನ ಮೇಕೆ ತಡೆಯುವವರು, ಕಳೆ ತೆಗೆಯುವವರು ಯಾರು?

ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿವೆ ಎಂದು ಮುಂದಿನ ವರ್ಷ ಎಣಿಸುವವರು ಯಾರು?

ಇವುಗಳಿಗೆ ಉತ್ತರ ಇದ್ದರೆ ಖಂಡಿತ ನೆಡಿ, ನಾಲ್ಕು ಜನರನ್ನು ಕರೆದುಕೊಂಡು ಹೋಗಿ ನೆಡಿ. ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಂಡು ದಿನಾಂಕ ಬರೆಯಿರಿ. ಉತ್ತರ ಇಲ್ಲದಿದ್ದರೆ ಈ ವರ್ಷ ಗುದ್ದಲಿ ಬದಿಗಿಟ್ಟು, ಒಂದು ಮಳೆಗಾಲ ಆ ಜಾಗದಲ್ಲಿ ತಾನಾಗಿಯೇ ಏನು ಮೊಳೆಯುತ್ತದೆ ಎಂದು ನೋಡಿ. ಅದೂ ನೆಲವನ್ನು ಬದುಕಿಸುವ ಕೆಲಸವೇ.